ಕಪ್ಪೆ ತೂಕ

ಗಾದೆಯಲ್ಲಷ್ಟೇ ಇರುವ ಕೆಲಸ ಅಂದುಕೊಂಡಿದ್ದೆ.
ಟೌನ್ಸ್‌ವಿಲ್‌ಗೆ ಬಂದ ಮೇಲೆ ಸಂಬಳಕ್ಕೇ ಮಾಡುತ್ತೇನೆ:
ಮಂಗಳವಾರ ಬೆಳಿಗ್ಗೆ ಒದ್ದೆ ಚೀಲದೊಳಗೊಂದು ಕಪ್ಪೆ,
ತಕ್ಕಡಿಯ ಮೇಲೆ ಚೀಲ,
ಕೆಂಪು ಅಂಕಿ ನಿಲ್ಲುವ ಮೊದಲೇ ಜಿಗಿತ.
ನಲವತ್ತೊಂದು. ಮೂವತ್ತೆಂಟು. ನಲವತ್ನಾಲ್ಕು ಗ್ರಾಂ.
ಮರೀ ಪಾಸ್ಕೋ ತಲೆಯೆತ್ತದೆ ಹೇಳುತ್ತಾಳೆ,
"ಸರಾಸರಿ ಬರೆದುಕೋ."

ಆಮೇಲೆ ಕರೆಯುವುದು.
ಎಮ್ಮೆ ಕರೆದು ಬದುಕಿದವರ ಮನೆಯವಳು ನಾನು.
ಈ ಕೆಚ್ಚಲಿಲ್ಲದ ಜೀವದ ಬೆನ್ನಿಗೆ
ಎರಡು ತಂತಿಯ ತುದಿ ಸೋಕಿಸಿ
ಕಚಗುಳಿಗಿಂತ ಹೆಚ್ಚು, ನೋವಿಗಿಂತ ಕಡಿಮೆ
ಕರೆಂಟು ಹರಿಸುತ್ತೇನೆ.
ಹಾಗೆಂದು ಫಾರಮ್ಮಿನಲ್ಲಿದೆ; ಕಪ್ಪೆಯ ಸಹಿ ಇಲ್ಲ.
ಕಿವಿಯ ಮೇಲಿನ ಉಬ್ಬಿನಿಂದ
ಬೆಳ್ಳಗೆ ಒಸರುತ್ತದಲ್ಲ, ನೊರೆಯೂ ಅಲ್ಲದ್ದು ಬೆವರೂ ಅಲ್ಲದ್ದು,
ಅದಕ್ಕೆ ನನ್ನ ನಾಲಿಗೆ ಬೇರೆ ಮಾತು ಕೊಡಲಿಲ್ಲ.
ಕರೆ ಅಂದರೆ ಕೂಗು, ಕರೆ ಅಂದರೆ ಹಿಂಡು.
ಕೂಗದೆಯೇ ಹಿಂಡುತ್ತೇನೆ.
ಭಟ್ಟಿ ಇಳಿಸಿದ ನೀರಲ್ಲಿ ತೊಳೆದು, ಸೀಸೆಗೆ ಹಾಕಿ,
ಮಂಜಿನಲ್ಲಿಡುತ್ತೇನೆ. ಕೈಗವಸಿಗೆ ಹಸಿ ಶೇಂಗಾದ ವಾಸನೆ.
ಮುಟ್ಟಿದರೆ ನರುಳ್ಳೆ ಏಳುತ್ತವೆ ಅಂತಿದ್ದಳು ಅವ್ವ.

ಹದಿನೇಳನೆಯದನ್ನು ತಂದವನು
ಇಂಗಮ್ಮಿನ ಸಾಂತೋ ಕವಲ್ಲಾರೋ.
ನಲವತ್ತು ಸುಗ್ಗಿ ಕಬ್ಬಿನ ಯಂತ್ರ ಓಡಿಸಿದವನು.
ವೆನಿಲ್ಲಾ ಐಸ್‌ಕ್ರೀಮಿನ ಖಾಲಿ ಡಬ್ಬಿ, ಮುಚ್ಚಳಕ್ಕೆ ಮೊಳೆಯ ತೂತು,
ಒಳಗೆ ಅವನ ಹಿತ್ತಲ ಕಕ್ಕಸಿನ ತೊಟ್ಟಿಯಲ್ಲಿ
ಆರು ವರ್ಷದಿಂದ ಬಾಡಿಗೆ ಕೊಡದೆ ಕೂತ ಹಸಿರು ಕಪ್ಪೆ.
ಅತ್ತೆಯ ಹೆಸರಿಟ್ಟಿದ್ದಾನೆ: ಕಾರ್ಮೇಲಾ.
ಎಡಗಾಲಿನ ಹೆಬ್ಬೆರಳಲ್ಲಿ ಕಬ್ಬಿನ ಕೂಳೆ ಚುಚ್ಚಿದ ಗಾಯ,
ಸಕ್ಕರೆ ಕಾಯಿಲೆ ಅದಕ್ಕೆ ಕಾವಲು.
ಎಂಟು ತಿಂಗಳು, ನಾಲ್ಕು ಆಂಟಿಬಯಾಟಿಕ್, ನಾಲ್ಕೂ ಸೋತವು.
"ಇವಳು ಕೊಳಚೆಯಲ್ಲೇ ಕೂತಿರುತ್ತಾಳೆ,
ಮೈಮೇಲೆ ಒಂದು ಹುಣ್ಣಿಲ್ಲ. ನೋಡಿ."

ನೋಡಿದೆವು. ಗಾಜಿನ ತಟ್ಟೆಯಲ್ಲಿ
ಅವನ ಗಾಯದ್ದೇ ಜಾತಿಯ ಕ್ರಿಮಿ ಹುಲುಸಾಗಿ ಬೆಳೆದಿತ್ತು,
ನಡುವೆ ಕಾರ್ಮೇಲಾಳದೊಂದು ತೊಟ್ಟು.
ಮರುದಿನ ತೊಟ್ಟಿನ ಸುತ್ತ
ನಮ್ಮ ಕಡೆ ಚಂದ್ರ ಕಣ ಕಟ್ಟಿದ್ದಾನೆ ಅಂತಾರಲ್ಲ,
ಹಾಗೆ ಉಂಗುರದಷ್ಟು ಬಯಲು,
ಒಂದು ಕ್ರಿಮಿಯೂ ಕಾಲಿಡದ ಕಣ.
ನಾನು ಕುಣಿಯುವುದೊಂದು ಬಾಕಿ.
"ತಟ್ಟೆಯಲ್ಲಿ ಬ್ಲೀಚೂ ಗೆಲ್ಲುತ್ತದೆ," ಅಂದಳು ಮರೀ.
ನೆತ್ತರಿಗೆ ಬಿದ್ದರೆ ಈ ಸರಪಳಿ
ಗಳಿಗೆಯೊಳಗೆ ತುಂಡು ತುಂಡು.
ತುಂಡಾಗದಂತೆ ಹೆಣೆಯಲು ಹತ್ತು ವರ್ಷ,
ಹೆಣೆದದ್ದು ಮನುಷ್ಯನಿಗೆ ವಿಷವಾಗದಿದ್ದರೆ.

ದಕ್ಷಿಣದ ಯಂಗೆಲ್ಲಾ ಬೆಟ್ಟದಲ್ಲಿ ಒಂದು ಕಪ್ಪೆಯಿತ್ತಂತೆ,
ಮೊಟ್ಟೆ ನುಂಗಿ, ಜಠರದ ಬೆಂಕಿ ಆರಿಸಿ,
ಬಾಯಿಂದ ಮರಿ ಹೆರುತ್ತಿತ್ತಂತೆ.
ಆರಿಸುವುದು ಹೇಗೆಂದು ಪೂರಾ ಕೇಳುವಷ್ಟರಲ್ಲಿ
ಅದೇ ಇರಲಿಲ್ಲ. ಮರೀ ಇದನ್ನು
ಫ್ರೀಜರಿನ ಬಾಗಿಲು ಹಾಕುತ್ತಾ ಹೇಳಿದಳು, ಅಷ್ಟೆ.

ಸಾಂತೋ ಪ್ರತಿ ವಾರ ಫೋನು ಮಾಡಿದ. "ಕಾರ್ಮೇಲಾ ಏನಂತಾಳೆ?"
ಚೆನ್ನಾಗಿದ್ದಾಳೆ ಅಂದೆ, ಬೇರೆ ಏನೂ ಅನ್ನಲಾರದೆ.
ಮಾರ್ಚಿಯಲ್ಲಿ ಮೊಣಕಾಲ ಕೆಳಗೆ ಕತ್ತರಿಸಿದರು.

ತಂದಲ್ಲಿಗೇ ಬಿಡಬೇಕು, ಅದು ನಿಯಮ.
ಕಬ್ಬಿನ ನಡುವೆ ನೂರಹತ್ತು ಕಿಲೋಮೀಟರು,
ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿಸಿಕೊಂಡ ಡಬ್ಬಿ.
ಮೆಟ್ಟಿಲ ಮೇಲೆ ಕೂತಿದ್ದ, ಪ್ಯಾಂಟಿನ ಒಂದು ಕಾಲು ಮಡಚಿ ಪಿನ್ನು ಹಾಕಿ.
ಮುಚ್ಚಳ ತಾನೇ ತೆಗೆದ.
ಅವಳು ಅವನ ಮಣಿಕಟ್ಟು ಹತ್ತಿ, ಗೋಡೆ ಹಿಡಿದು,
ತೊಟ್ಟಿಯ ಅಂಚು ದಾಟಿ ಒಳಗೆ ಜಾರಿದಳು,
ಹೊರಗೆ ಹೋಗಿ ಬಂದ ಅತ್ತೆಯ ಹಾಗೇ, ಯಾರನ್ನೂ ಮಾತಾಡಿಸದೆ.

"ಎಷ್ಟು ತೂಗಿದಳು?"
ನಲವತ್ತೊಂದು ಅಂದೆ.
ತಲೆಯಾಡಿಸಿದ.
"ನನ್ನ ಕಾಲು ಎಷ್ಟು ತೂಗಿತೋ,
ಯಾರೂ ಬರೆದುಕೊಳ್ಳಲಿಲ್ಲ."

ಮಳೆ ಹನಿಯತೊಡಗಿತು.
ಡಬ್ಬಿ ತೊಳೆದು, ಒರೆಸಿ, ನನ್ನ ಕೈಗಿಟ್ಟ:
"ಸೂರಿನ ಕೊಳವೆಯಲ್ಲಿ ಒಬ್ಬ ಗಂಡಿದ್ದಾನೆ,
ರಾತ್ರಿಯಿಡೀ ಕರೆಯುತ್ತಾನೆ.
ಮಂಗಳವಾರಕ್ಕೆ ಬೇಕಾದರೆ ಈಗಲೇ ಹಿಡಿ,
ನನಗಂತೂ ಏಣಿ ಹತ್ತಲಾಗದು."